ಎಡ ರೆಕ್ಕೆಯ ನೀರು

ನಮ್ಮ ಮೇಷ್ಟ್ರ ಎಡಗೈ ತೋರುಬೆರಳಿಗೆ ಉಗುರಿರಲಿಲ್ಲ. ಉಗುರಿರಬೇಕಾದ ಜಾಗ ಸಿಪ್ಪೆ ಸುಲಿದ ಬಾದಾಮಿಯ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಎರಡೇ ಸೀಟಿನ ತರಬೇತಿ ವಿಮಾನದಲ್ಲಿ ಅವರು ಬಲಗಡೆ, ನಾನು ಎಡಗಡೆ. ನಡುವೆ ಇಂಜಿನ್ನಿನ ವೇಗ ಏರಿಸಿ ಇಳಿಸುವ ಕರಿಯ ಗುಂಡಿ. ಅದನ್ನು ತಳ್ಳಿದರೆ ವೇಗ, ಎಳೆದರೆ ಇಂಜಿನ್ ತೂಕಡಿಸುತ್ತದೆ. ಆ ಬೋಳು ಬೆರಳು ಸದಾ ಆ ಗುಂಡಿಯ ಪಕ್ಕದಲ್ಲೇ, ದೀಪದ ಹುಳಕ್ಕೆ ಕಾದ ಹಲ್ಲಿಯ ಹಾಗೆ ಹೊಂಚಿಕೊಂಡು ಕೂತಿರುತ್ತಿತ್ತು. ಆ ಬೆರಳನ್ನು ನಾನು ಹೆದರಿ ಹೆದರಿ ನೋಡಿದಷ್ಟು ಬೇರೆ ಯಾವುದನ್ನೂ ನೋಡಿಲ್ಲ. ನೋಡಲೇಬೇಕಾಗಿದ್ದ ಒಂದು ದಿನ ಮಾತ್ರ ನೋಡದೆ, ಹಲ್ಲು ಕಿರಿದುಕೊಂಡು ಕೂತಿದ್ದೆ.

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಬೈಯುವವರಿಗೆ ಅನುಕೂಲವಾಗಲಿ. ಆ ದಿನ ಇಂಜಿನ್ನಿಗೆ ನೀರು ಕುಡಿಸಿದವನು ನಾನೇ. ಬೇಕೆಂದು ಕುಡಿಸಿದ್ದಲ್ಲ. ಹಾರುವ ಮೊದಲು ಎರಡೂ ರೆಕ್ಕೆಗಳ ಅಡಿಯಿಂದ ಗಾಜಿನ ಕೊಳವೆಗೆ ಸ್ವಲ್ಪ ಪೆಟ್ರೋಲು ಇಳಿಸಿ, ಅದರಲ್ಲಿ ನೀರು ಸೇರಿದೆಯೇ ಅಂತ ಬೆಳಕಿಗೆ ಹಿಡಿದು ನೋಡುವುದು ವಿದ್ಯಾರ್ಥಿಯ ಕೆಲಸ. ಹಿಂದಿನ ರಾತ್ರಿ ಮಳೆ ಹೊಯ್ದಿತ್ತು. ರೆಕ್ಕೆಯ ಮೇಲಿನ ಮುಚ್ಚಳದ ಸಂದಿಯಲ್ಲಿ ನೀರು ಇಳಿದಿರಬಹುದೆಂದು ದಡ್ಡನಿಗೂ ಹೊಳೆಯಬೇಕು. ನಾನು ಬಲ ರೆಕ್ಕೆಯದನ್ನು ನೋಡಿದೆ. ಎಡ ರೆಕ್ಕೆಯ ಕಡೆ ಹೊರಟಾಗ ಜೊತೆಯ ಹುಡುಗರಿಬ್ಬರು ಹ್ಯಾಂಗರಿನ ಬಾಗಿಲಲ್ಲಿ ನಿಂತು, "ಲೇ, ಮೇಷ್ಟ್ರ ಥರ ಒಂದ್ಸಲ ಮಾಡೋ" ಅಂದರು. ಕಲಾವಿದನನ್ನು ಹಾಗೆ ಕೇಳಿಕೊಂಡರೆ ಅವನು ತಾನೇ ಏನು ಮಾಡಿಯಾನು? ಕೊಳವೆಯನ್ನೇ ಮೈಕು ಮಾಡಿಕೊಂಡು ಹತ್ತು ನಿಮಿಷ ಮೇಷ್ಟ್ರಾದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗುವಿನ ಅಮಲಿನಲ್ಲೇ ತಪಾಸಣೆಯ ಹಾಳೆಯಲ್ಲಿ ಎರಡೂ ರೆಕ್ಕೆಯ ಮುಂದೆ ಟಿಕ್ ಹಾಕಿ ವಿಮಾನ ಹತ್ತಿದೆ.

ಇದು ತೊಂಬತ್ತರ ದಶಕದ ಕೊನೆಯ ಮಾತು. ಮೈಸೂರಿನಿಂದ ನಂಜನಗೂಡಿಗೆ ಬರುವ ದಾರಿಯ ಪಕ್ಕ ಒಂದು ಹಳೆಯ ರನ್‌ವೇ, ಅದರ ತುದಿಯಲ್ಲಿ ತಗಡಿನ ಹ್ಯಾಂಗರು, ಎರಡು ವಿಮಾನ, ಆರು ಜನ ವಿದ್ಯಾರ್ಥಿಗಳು. ಆ ಆರರಲ್ಲಿ ನಂಜನಗೂಡಿನವನು ನಾನೊಬ್ಬನೇ. ಅಪ್ಪನದು ಪೇಟೆಯಲ್ಲಿ ಪಾತ್ರೆ ಅಂಗಡಿ. ಮನೆ ಕಟ್ಟಲೆಂದು ಇಟ್ಟಿದ್ದ ಸೈಟನ್ನು ಮಾರಿ ನನ್ನನ್ನು ಅಲ್ಲಿ ಸೇರಿಸಿದ ದಿನ ಅಪ್ಪ ಒಂದೇ ಪ್ರಶ್ನೆ ಕೇಳಿದ್ದರು: "ಪಾತ್ರೆ ಬಿದ್ರೆ ಸೊಟ್ಟ ತೆಗೆಸ್ಬೋದು ಕಣೋ. ನೀನ್ ಬಿದ್ರೆ?" ಅದನ್ನೂ ನಾನು ಅಪ್ಪನ ದನಿಯಲ್ಲಿ ಮಾಡಿ ತೋರಿಸುತ್ತಿದ್ದೆ. ಯಾರನ್ನೂ ಬಿಡುತ್ತಿರಲಿಲ್ಲ. ಬಸ್ ಕಂಡಕ್ಟರು, ಮಠದ ಶಾಲೆಯ ಹೆಡ್‌ಮಾಸ್ಟರು, ನಮ್ಮ ಅಜ್ಜಿ, ಪ್ರಾಯಕ್ಕೆ ಬರುವಾಗ ದನಿ ಒಡೆದು ಕೋಳಿಯ ಹಾಗೆ ಕೂಗುತ್ತಿದ್ದ ನಾನು, ಎಲ್ಲರೂ ನನ್ನ ಗಂಟಲಿನಲ್ಲಿ ಬಾಡಿಗೆಗಿದ್ದರು. ಮೇಷ್ಟ್ರು ಮಾತ್ರ ಬಂದವರೇ ಇಡೀ ಮನೆಯನ್ನು ಆಕ್ರಮಿಸಿಕೊಂಡರು.

ಅವರು ಟಿ. ನರಸೀಪುರದ ಹತ್ತಿರದ ಹಳ್ಳಿಯ ಒಕ್ಕಲು ಮನೆಯವರು. ವಾಯುಪಡೆಗೆ ಇಂಜಿನ್ ಮೆಕ್ಯಾನಿಕ್ ಆಗಿ ಸೇರಿ, ಉಗುರನ್ನು ಅಲ್ಲೇ ಯಾವುದೋ ಇಂಜಿನ್ನಿಗೆ ಕಾಣಿಕೆ ಕೊಟ್ಟು, ಆಮೇಲೆ ಹಟ ಹಿಡಿದು ಹಾರಲು ಕಲಿತು, ಕಲಿಸಲೂ ಲೈಸೆನ್ಸು ಪಡೆದವರು. ಊರೂರು ಸುತ್ತಿದರೂ ಮಾತು ಮಾತ್ರ ನರಸೀಪುರ ಬಿಟ್ಟು ಒಂದು ಮೈಲಿ ಕದಲಿರಲಿಲ್ಲ. ರೇಡಿಯೋದಲ್ಲಿ ಇಂಗ್ಲಿಷ್ ಮಾತಾಡಿದರೂ ಸಂತೆಯಲ್ಲಿ ಹೋರಿಯ ಹಲ್ಲು ನೋಡಿ ಮಾತಾಡುವ ರಾಗವೇ. ವಿಮಾನಕ್ಕೆ ಅವರ ಬಾಯಲ್ಲಿ 'ಗಾಡಿ' ಅಂತಲೇ ಹೆಸರು. ಮಧ್ಯಾಹ್ನ ರೆಕ್ಕೆಯ ನೆರಳಿನಲ್ಲಿ ಚಾಪೆ ಹಾಸಿ, ಕ್ಯಾರಿಯರ್ ಬಿಚ್ಚಿ, ಮುದ್ದೆ ಮುರಿಯುವರು. ಊಟದ ನಡುವೆ ಯಾರಾದರೂ ಪಾಠದ ಪ್ರಶ್ನೆ ಕೇಳಿದರೆ, "ಮುದ್ದೆ ತಣ್ಣಗಾಯ್ತದೆ, ಗಾಡಿ ತಣ್ಣಗೇ ಅದೆ. ಯಾವುದು ಮೊದ್ಲು?" ಅನ್ನುವರು.

ಅವರ ಪಾಠದ ಒಂದು ಕ್ರಮ ಯಾವ ಪುಸ್ತಕದಲ್ಲೂ ಇಲ್ಲ. ಇಂಜಿನ್ ನಿಂತರೆ ಚಪ್ಪಟೆಯಾದ, ಅಡ್ಡಿಯಿಲ್ಲದ ಬಯಲು ನೋಡಿ ಇಳಿಸಬೇಕೆಂದು ಪುಸ್ತಕ ಹೇಳುತ್ತದೆ. ಮೇಷ್ಟ್ರು ಬೆಳೆ ನೋಡಿ ಇಳಿಸಲು ಕಲಿಸಿದರು. ಆಕಾಶದಲ್ಲಿ ಕೂತು ಬೋಳು ಬೆರಳಿನಿಂದ ಕೆಳಗೆ ತೋರಿಸುತ್ತ, "ಅದು ಕಬ್ಬು. ಇಳುದ್ರೆ ಗಾಡಿ ತಡುದು ಮೂತಿ ಒಡೀತದೆ. ಅದು ಗದ್ದೆ, ನೀರದೆ, ಮಗುಚ್ಕತೀವಿ. ಅಗೋ, ಆ ಮಾಸ್ಲು ಬಣ್ಣುದ್ದು ಹುರುಳಿ ಹೊಲ. ಮೊಣಕಾಲುದ್ದ ಇಲ್ಲ, ಮೆತ್ಗದೆ. ಮಳೆ ಉಯ್ದ ಮಾರ್ನೆ ದಿನ ಎರೆ ನೆಲ ನಂಬ್‌ಬ್ಯಾಡ, ಚಕ್ರ ಇಡ್ಕತದೆ. ಕೆಂಪು ನೆಲ ನೋಡು" ಅನ್ನುವರು. ಅಷ್ಟಕ್ಕೇ ಬಿಡುತ್ತಿರಲಿಲ್ಲ. ಹಾರಾಟವಿಲ್ಲದ ದಿನ ನಮ್ಮನ್ನು ಒಬ್ಬೊಬ್ಬರಾಗಿ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಕಳಲೆ, ಹೆಮ್ಮರಗಾಲದ ಕಡೆ ಹೊರಡುವರು. ಮೇಲಿನಿಂದ 'ಇಲ್ಲಿ ಇಳಿಯಬಹುದು' ಅಂತ ನಾವು ಆರಿಸಿದ್ದ ಅದೇ ಹೊಲದ ನಡುವೆ ನಿಲ್ಲಿಸುವರು. ಮೇಲಿನಿಂದ ಹಾಸಿಗೆಯ ಹಾಗೆ ಕಂಡದ್ದರಲ್ಲಿ ಸೊಂಟದೆತ್ತರದ ಬದು ಇರುತ್ತಿತ್ತು, ಕಡಿದ ಮರದ ಬೊಡ್ಡೆ ಇರುತ್ತಿತ್ತು, ಒಮ್ಮೆ ಹಾಳುಬಾವಿಯೂ ಇತ್ತು. "ಇಳಿತೀಯೇನ್ಲಾ ಇದ್ರೊಳಕ್ಕೆ? ಇಳಿ, ನೋಡ್ವ" ಅಂತ ಬಾವಿಯ ಕಡೆ ಕೈ ತೋರಿಸಿದ್ದರು. "ಪಂಪ್ ಮನೆ ಕಂಡ್ರೆ ತಂತಿ ಅದೆ ಅಂತಲೇ ಲೆಕ್ಕ. ತಂತಿ ಯಾರ್ಗೂ ಕಾಣಕಿಲ್ಲ. ಕಂಬ ಹುಡುಕು" ಅನ್ನುವ ಮಾತನ್ನು ನಾನು ಎಷ್ಟು ಸಲ ಕೇಳಿದೆನೋ ಅಷ್ಟೇ ಸಲ ಚಹಾ ಅಂಗಡಿಯಲ್ಲಿ ಅಣಕಿಸಿದೆ.

ಆ ಅಣಕ ಒಂದು ದಿನ ಸಿಕ್ಕಿಬಿತ್ತು. ಅಭ್ಯಾಸಕ್ಕೆಂದು ಮೇಷ್ಟ್ರು ಆಕಾಶದಲ್ಲಿ ಹೇಳದೆ ಕೇಳದೆ ಆ ಕರಿಗುಂಡಿ ಎಳೆದು ಇಂಜಿನ್ ಕುಗ್ಗಿಸುತ್ತಿದ್ದರು. ಎಳೆಯುವ ಮುಂಚೆ, ತಮಗೇ ಗೊತ್ತಿಲ್ಲದಂತೆ, ಒಮ್ಮೆ ಕೆಮ್ಮುವರು. ಆಮೇಲೆ ಮೂಗಿನಲ್ಲಿ, "ಇಂಜಿನ್ ಓಯ್ತು ಕಣಪ್ಪಾ, ಈಗೇನ್ ಮಾಡೀಯೆ?" ನಾವು ಅವರ ಮಂತ್ರವನ್ನು ಹೇಳುತ್ತ ಕೈ ಆಡಿಸಬೇಕು: "ಮೂತಿ ತಗ್ಸು. ಅರವತ್ತು ಇಡಿ. ಹೊಲ ನೋಡು. ಎಣ್ಣೆ ನೋಡು. ಬಿಸಿಗಾಳಿ ಎಳಿ. ಬೀಗ ತಿರುಗ್ಸು. ಯೋಳೋರ್ಗೆ ಯೋಳು. ಬಾಗ್ಲು ತಗಿ." ನಾನು ಇಡೀ ಪ್ರಸಂಗವನ್ನು ಕೆಮ್ಮಿನ ಸಮೇತ ಹ್ಯಾಂಗರಿನ ಹಿಂದೆ ಆಡುತ್ತಿದ್ದಾಗ, ಎದುರಿಗಿದ್ದ ಹುಡುಗರ ನಗು ಇದ್ದಕ್ಕಿದ್ದಂತೆ ಆರಿಹೋಯಿತು. ತಿರುಗಿ ನೋಡಿದರೆ ಮೇಷ್ಟ್ರು, ಕೈಯಲ್ಲಿ ಖಾಲಿ ಕ್ಯಾರಿಯರು.

"ಪೂರ್ತಿ ಮಾಡು" ಅಂದರು.

"ತಪ್ಪಾಯ್ತು ಸಾ."

"ತಪ್ಪಾಗದೆ, ಅದುಕ್ಕೇ ಯೋಳ್ತಾ ಇವ್ನಿ. ಬೀಗ ಆದ್ಮೇಲೆ ಬಿಸಿಗಾಳಿ ಅಂದೆ. ಬಿಸಿಗಾಳಿ ಆದ್ಮೇಲೆ ಬೀಗ. ಕೆಮ್ಮು ಪರ್ವಾಗಿಲ್ಲ, ಚೆನ್ನಾಗದೆ. ಇನ್ನೊಂದ್ ದಪ ಮಾಡು."

ಆ ದಿನದಿಂದ ಅದೊಂದು ಪದ್ಧತಿಯೇ ಆಯಿತು. ಊಟವಾದ ಮೇಲೆ ಅವರು ಎಲೆಯಡಿಕೆ ಹಾಕಿಕೊಂಡು ಕೂರುವರು, ನಾನು ಅವರೆದುರಿಗೇ ಅವರಾಗಬೇಕು. ಕಣ್ಣು ಮುಚ್ಚಿ ಕೇಳುವರು. ಕ್ರಮ ತಪ್ಪಿದರೆ ಒಂದು ಬೆರಳು ಮೇಲೇಳುವುದು. ಅಣಕಿಸುವವನನ್ನು ಅಣಕಿಸಿಕೊಳ್ಳುವವರೇ ಕೂರಿಸಿ ತಿದ್ದಿದರೆ ಅಣಕದಲ್ಲಿ ಏನು ಸುಖ ಉಳಿಯಿತು ಹೇಳಿ? ಮೂರು ತಿಂಗಳಿಗೆ ನನಗೆ ಬೇಜಾರು ಹತ್ತಿತು. ಅಷ್ಟರಲ್ಲಿ ಮಂತ್ರ ಮಾತ್ರ ನಿದ್ದೆಯಲ್ಲೂ ಬರುತ್ತಿತ್ತು. ಅವ್ವ ಒಂದು ಬೆಳಿಗ್ಗೆ, "ಬಾಗ್ಲು ತಗಿ ಅಂತ ಕಿರುಚ್ಕೊಂಡ್ಯಲ್ಲೋ, ಯಾರೋ ಬಂದ್ರು ಅಂತ ಎದ್ದೋಗಿ ತೆಗೆದೆ" ಅಂದಳು.

ಇನ್ನು ಆ ದಿನ. ಕಾರ್ತಿಕದ ಬೆಳಿಗ್ಗೆ, ಮಳೆ ತೊಳೆದ ಆಕಾಶ. ಕಪಿಲೆಯನ್ನು ದಾಟಿ, ಕಳಲೆಯ ಆಚೆ ಹೆಮ್ಮರಗಾಲದ ಕಡೆ, ಎರಡು ಸಾವಿರ ಅಡಿ ಎತ್ತರದಲ್ಲಿ ಕಡಿದಾದ ತಿರುವುಗಳ ಅಭ್ಯಾಸ. ಎಡಕ್ಕೊಂದು ಸುತ್ತು, ಬಲಕ್ಕೊಂದು ಸುತ್ತು ಹಾಕಿ ರೆಕ್ಕೆ ಸಮ ಮಾಡಿದೆ. ಇಂಜಿನ್ ಒಮ್ಮೆ ಬಿಕ್ಕಿತು, ಮತ್ತೊಮ್ಮೆ ಬಿಕ್ಕಿತು, ಆಮೇಲೆ ದನಿ ತೀರ ಕುಸಿಯಿತು. ಮೇಷ್ಟ್ರು ಗುಂಡಿ ಎಳೆದರು ಅಂದುಕೊಂಡೆ. ಅವರಿಗಿಂತ ಮುಂಚೆ ನಾನೇ, ಮೂಗಿನಲ್ಲಿ, ಅವರ ಮುಖಕ್ಕೇ ಅಂದೆ:

"ಇಂಜಿನ್ ಓಯ್ತು ಕಣಪ್ಪಾ, ಈಗೇನ್ ಮಾಡೀಯೆ?"

ಅಂದು, ಹಲ್ಲು ಕಿರಿದೆ. ಮೇಷ್ಟ್ರು ನಗಲಿಲ್ಲ.

"ನಾನು ಎಳೀನಿಲ್ಲ ಕಣ್ಲಾ" ಅಂದರು.

ಆಗ ನೋಡಿದೆ ಆ ಬೆರಳನ್ನು. ಅದು ಅವರ ಮಂಡಿಯ ಮೇಲಿದ್ದ ನಕ್ಷೆಯ ಮೇಲಿತ್ತು. ಗುಂಡಿ ನಾನು ಬಿಟ್ಟ ಜಾಗದಲ್ಲೇ ಇತ್ತು. ಅವತ್ತು ಅವರು ಕೆಮ್ಮಿಯೇ ಇರಲಿಲ್ಲ.

ಎದುರಿಗೆ ಪಂಖ ಗಾಳಿಗೆ ಸುಮ್ಮನೆ ತಿರುಗುತ್ತಿತ್ತು, ಎಳೆಯುವ ಶಕ್ತಿ ಇರಲಿಲ್ಲ. ಇಂಜಿನ್ನಿನ ಸದ್ದು ಹೋದ ಮೇಲೆ ರೆಕ್ಕೆಯ ಮೇಲೆ ಗಾಳಿ ಹೋಗುವ ಸದ್ದು ಕೇಳಿಸುತ್ತದೆ. ಅದನ್ನು ಕೇಳಿಸಿಕೊಂಡ ತಕ್ಷಣ ನನ್ನ ತಲೆಯೊಳಗಿದ್ದ ಪುಸ್ತಕಗಳೆಲ್ಲ ಖಾಲಿ ಹಾಳೆಗಳಾದವು. ಅಪ್ಪ, ಸೈಟು, ಸೊಟ್ಟ ಪಾತ್ರೆ, ಎಲ್ಲ ಒಟ್ಟಿಗೆ ನೆನಪಾದವು. ಕೂಗಬೇಕೆಂದು ಬಾಯಿ ತೆರೆದೆ. ನನ್ನ ದನಿ ಬರಲಿಲ್ಲ. ಬಂದದ್ದು ಮೇಷ್ಟ್ರ ದನಿ.

"ಮೂತಿ ತಗ್ಸು" ಅಂತು ನನ್ನ ಬಾಯಿ, ಮೂಗಿನಲ್ಲಿ. ಕೈ ತಗ್ಗಿಸಿತು. "ಅರವತ್ತು ಇಡಿ." ವೇಗದ ಮುಳ್ಳು ಅರವತ್ತಕ್ಕೆ ಬಂದು ನಿಂತಿತು. "ಹೊಲ ನೋಡು." ಕಣ್ಣು ಕೆಳಗೆ ಹೋಯಿತು. ನಾನು ಹೇಳುತ್ತಿದ್ದೆನೋ ಕೇಳುತ್ತಿದ್ದೆನೋ ಗೊತ್ತಿಲ್ಲ. ಪ್ರಾಣಭಯದಲ್ಲೂ ಅಣಕ ಮಾಡುತ್ತಿದ್ದೇನಲ್ಲ ಅನ್ನುವ ನಾಚಿಕೆಗೂ ಪುರುಸೊತ್ತಿರಲಿಲ್ಲ. ಪೆಟ್ರೋಲಿನ ನಲ್ಲಿ ತೆರೆದೇ ಇತ್ತು. ಇಂಜಿನ್ನಿಗೆ ಬಿಸಿಗಾಳಿ ಬಿಡುವ ಗುಂಡಿ ಎಳೆದೆ. ಇಂಜಿನ್ನಿಗೆ ಕಿಡಿ ಕೊಡುವ ಬೀಗ ಆ ಕಡೆ ಈ ಕಡೆ ತಿರುಗಿಸಿದೆ. ಇಂಜಿನ್ ಒಮ್ಮೆ ಗೊರಕೆ ಹೊಡೆದು ಮತ್ತೆ ಮಲಗಿತು. ರೇಡಿಯೋದಲ್ಲಿ ನಮ್ಮ ಜಾಗ ಹೇಳಿದೆ. ಅದೂ ಸಂತೆಯ ಇಂಗ್ಲಿಷಿನಲ್ಲೇ. ಆ ಕಡೆ ರೇಡಿಯೋ ಹಿಡಿದಿದ್ದವರು ಮಾತಾಡುತ್ತಿರುವುದು ಮೇಷ್ಟ್ರೇ ಅಂದುಕೊಂಡು ನಿಶ್ಚಿಂತೆಯಾಗಿದ್ದರಂತೆ, ಆಮೇಲೆ ಗೊತ್ತಾಯಿತು.

ಇಂಥ ಹೊತ್ತಿನಲ್ಲಿ ವಿಮಾನವನ್ನು ಶಿಕ್ಷಕರು ತಮ್ಮ ಕೈಗೆ ತೆಗೆದುಕೊಳ್ಳಬೇಕು. ಮೇಷ್ಟ್ರ ಎರಡೂ ಕೈ ವಿಮಾನ ನಡೆಸುವ ಅವರ ಕಡೆಯ ಹಿಡಿಗೆ ಒಂದಂಗುಲ ದೂರದಲ್ಲಿ ಬಂದು ನಿಂತವು. ಮುಟ್ಟಲಿಲ್ಲ.

"ಯಾವ ಹೊಲ?" ಅಂದರು.

"ಹುರುಳಿ. ಕೆಂಪು ನೆಲ. ಆ ಹುಣ್ಸೆ ಮರದ ಎಡಕ್ಕೆ."

"ಸರಿ, ಓಗು."

ಹೊಲ ಮೇಲೆದ್ದು ಬರುತ್ತಿತ್ತು. ಅದರ ಈಚೆ ಅಂಚಿನಲ್ಲಿ ಬಿಳಿಯದೊಂದು ಕಂಡಿತು: ಪಂಪ್ ಮನೆ. ನನ್ನ ಬಾಯಿ ಕಾಯಲಿಲ್ಲ. "ಪಂಪ್ ಮನೆ ಅದೆ. ಕಂಬ ಹುಡುಕು" ಅಂತು. ಒಂದು ಕಂಬ ಕಂಡಿತು, ಇನ್ನೊಂದು ಕಂಡಿತು. ಎರಡರ ನಡುವೆ ಏನೂ ಕಾಣಲಿಲ್ಲ, ಆದರೆ ಅಲ್ಲೇ ತಂತಿ ಇರುವುದು. ಆ ಕಾಣದ ಗೆರೆಯ ಮೇಲೆ ಎತ್ತರವಾಗಿಯೇ ದಾಟಿಸಿ, ಆಮೇಲೆ ವೇಗ ತಗ್ಗಿಸುವ ರೆಕ್ಕೆಯ ಹಿಂಭಾಗದ ಪಟ್ಟಿಯನ್ನು ಪೂರ್ತಿ ಇಳಿಸಿ ಮೂತಿ ತಗ್ಗಿಸಿದೆ. ಪೆಟ್ರೋಲ್ ಬಂದ್, ಬೀಗ ಬಂದ್. "ಬಾಗ್ಲು ತಗಿ" ಅಂದೆ. ಮೇಷ್ಟ್ರು ವಿಧೇಯ ವಿದ್ಯಾರ್ಥಿಯ ಹಾಗೆ ತಮ್ಮ ಕಡೆಯ ಬಾಗಿಲು ತೆಗೆದರು. ಚಕ್ರ ಹುರುಳಿ ಬಳ್ಳಿಗೆ ತಾಗಿತು, ಪುಟಿಯಿತು, ಮತ್ತೆ ತಾಗಿತು. ಮುಂದಿನ ಚಕ್ರ ನೆಲಕ್ಕೆ ಹೂತುಕೊಳ್ಳದಂತೆ ಹಿಡಿಯನ್ನು ಹೊಟ್ಟೆಗೆ ಅವಚಿಕೊಂಡೆ. ಗಾಡಿ ತಕಪಕ ಕುಣಿಯುತ್ತ ಓಡಿ, ಬದು ನಾಲ್ಕು ಮಾರು ದೂರ ಇರುವಾಗ ನಿಂತಿತು.

ಮೂತಿ ನೆಟ್ಟಗೆ, ರೆಕ್ಕೆ ನೆಟ್ಟಗೆ, ನಾವಿಬ್ಬರೂ ನೆಟ್ಟಗೆ! ಲೋಕದಲ್ಲಿ ಅಷ್ಟು ಚೆನ್ನಾಗಿ ಯಾರೂ ಯಾವ ಹೊಲಕ್ಕೂ ಇಳಿದಿಲ್ಲ ಅಂತ ನನಗೆ ಇಂದಿಗೂ ಅನುಮಾನವಿಲ್ಲ. ಕೆಳಗಿಳಿದು ಹುರುಳಿಯ ನಡುವೆ ಕೈ ಎತ್ತಿಕೊಂಡು ಹುಚ್ಚನ ಹಾಗೆ ಕುಣಿದೆ. ಮೇಷ್ಟ್ರು ಬಗ್ಗಿ ಒಂದು ಹಿಡಿ ಮಣ್ಣು ತೆಗೆದು, ಉಂಡೆ ಕಟ್ಟಿ ನೋಡಿ, "ಕೆಂಪ್ನೆಲವೇ, ಸರಿ ಯೋಳ್ದೆ" ಅಂದರು.

"ನೀವ್ಯಾಕೆ ಸಾ ಮುಟ್ಲಿಲ್ಲ?"

"ನಾನೇ ಓಡಿಸ್ತಿದ್ದಂಗಿತ್ತು. ಇನ್ನು ಮುಟ್ಟೋದೇನ?"

ಅಷ್ಟರಲ್ಲಿ ಹೊಲದ ಯಜಮಾನಿ ಕುಡುಗೋಲು ಹಿಡಿದು ಬದುವಿನ ಮೇಲೆ ಓಡುತ್ತ ಬಂದಳು. ಅರವತ್ತು ದಾಟಿದ ಗಟ್ಟಿ ಹೆಂಗಸು. "ಯಾರ್ಲಾ ಅದು, ಊವಿಗೆ ಬಂದ ಉಳ್ಳಿ ಮೇಲೆ ಕುಣಿತಿರೋನು! ರೋಡಿಲ್ವಾ ನಿಮ್ಗೆ?"

ಮೇಷ್ಟ್ರು ಕೈ ಮುಗಿದರು. "ಇಂಜಿನ್ ನಿಂತೋಯ್ತು ಕಣವ್ವಾ. ಬಿದ್ದೋಗೋ ಬದ್ಲು ನಿನ್ ಹೊಲುಕ್ಕೆ ಬಂದೋ."

ಆಕೆ ವಿಮಾನ ನೋಡಿದಳು, ಆಕಾಶ ನೋಡಿದಳು, ನನ್ನನ್ನು ನೋಡಿದಳು. "ಇಳಿಸ್ದೋನು ಇವನಾ? ಮೀಸೆ ಇಲ್ಲ ಇನ್ನೂವೆ" ಅಂದಳು. ಕುಡುಗೋಲು ಬಗಲಿಗೆ ಹೋಯಿತು. "ಉಳ್ಳಿ ಓದ್ರೆ ಓಯ್ತು. ಎಳ್ಕಂಡೋಗೋವಾಗ ಆದ್ರೂ ಸಾಲಿಡಿದು ಓಗಿ."

ಆಕೆ ಜನರನ್ನು ಕರೆಯಲು ಹೋದ ಮೇಲೆ ಮೇಷ್ಟ್ರು ಗಾಜಿನ ಕೊಳವೆಯನ್ನು ನನ್ನ ಕೈಗೆ ಕೊಟ್ಟು ಎಡ ರೆಕ್ಕೆಯ ಕೆಳಗೆ ನಿಲ್ಲಿಸಿದರು. ಇಳಿಸಿದೆ. ಮೇಲೆ ಒಂದಿಷ್ಟು ನೀಲಿ ಪೆಟ್ರೋಲು, ಕೆಳಗೆ ಮುಕ್ಕಾಲು ಪಾಲು ತಿಳಿ ನೀರು. ನನ್ನ ಕುಣಿತ ಕಾಲಿನಲ್ಲೇ ನಿಂತಿತು.

"ಬೆಳಿಗ್ಗೆ ಇದನ್ನ ನೋಡುದ್ಯಾ?"

"ಇಲ್ಲ ಸಾ."

"ಟಿಕ್ ಆಕ್ದೆ?"

"ಹಾಕ್ದೆ ಸಾ."

ಅವರು ಬೈಯಲಿಲ್ಲ. ಬೈದಿದ್ದರೆ ಅದನ್ನೂ ಕಲಿತು ಅಣಕಿಸುತ್ತಿದ್ದೆನೋ ಏನೋ. "ನಾಳಿಕೆ ಕೇಳ್ತಾರೆ. ಇದ್ದುದ್ದ ಇದ್ದಂಗೆ ಯೋಳು. ಸುಳ್ ಯೋಳೋನ್ ಪಕ್ದಲ್ಲಿ ನಾನು ಕೂರಕಿಲ್ಲ" ಅಂದರು, ಅಷ್ಟೆ.

ಈಗ ಅದೇ ರನ್‌ವೇಯಲ್ಲಿ ಬಲಗಡೆಯ ಸೀಟಿನಲ್ಲಿ ಕೂತು ಕಲಿಸುವವನು ನಾನು. ನನ್ನ ವಿದ್ಯಾರ್ಥಿಗಳಿಗೆ ಮಂತ್ರವನ್ನು ನನ್ನ ದನಿಯಲ್ಲಿ ಹೇಳಿಕೊಡಲು ಹೋದೆ, ಆಗಲಿಲ್ಲ, ಮೂಗಿನಲ್ಲೇ ಬರುತ್ತದೆ. ಹ್ಯಾಂಗರಿನ ಹಿಂದೆ ಅವರು ಅದನ್ನು ಮಾಡಿ ನಗುವುದು ನನಗೆ ಕೇಳಿಸುತ್ತದೆ. ನನ್ನನ್ನು ಅಣಕಿಸುತ್ತಿದ್ದೇವೆ ಅಂದುಕೊಂಡಿದ್ದಾರೆ, ಪಾಪ. ನಾನು ಹೋಗಿ ಕ್ರಮ ತಿದ್ದಿ ಬರುತ್ತೇನೆ. ಮೇಷ್ಟ್ರು ನರಸೀಪುರದ ಮನೆಯಲ್ಲಿ ಎರಡು ವರ್ಷದ ಹಿಂದೆ ತೀರಿಕೊಂಡರು. ನನ್ನ ಮೇಲಿರುವ ಅವರ ಋಣ ಎಷ್ಟೆಂದು ಹೇಳಲು ಹುರುಳಿ ಹೊಲವೊಂದೇ ಸಾಕಿತ್ತು. ಆದರೆ ದೊಡ್ಡದು ಇನ್ನೊಂದಿದೆ, ಅದು ನೆಲದ ಮೇಲೆ ನಡೆದದ್ದು.

ಮರುದಿನ ಮಧ್ಯಾಹ್ನ ನಮ್ಮನ್ನು ಮುಖ್ಯಸ್ಥರ ಕೋಣೆಗೆ ಕರೆದರು. ಅವರು ನಿವೃತ್ತ ಅಧಿಕಾರಿ. ಇಸ್ತ್ರಿ ಮಾಡಿದ ಕರವಸ್ತ್ರದ ಹಾಗೆ ಮಾತೂ ಮಡಿಕೆ ಮಡಿಕೆ. ಮೇಜಿನ ಮೇಲೆ ನನ್ನ ತಪಾಸಣೆಯ ಹಾಳೆ. ಮೇಷ್ಟ್ರು ಕೈ ಹಿಂದೆ ಕಟ್ಟಿಕೊಂಡು ಕಿಟಕಿಯ ಹತ್ತಿರ, ರಸ್ತೆಯ ಕಡೆ ಮುಖ ಮಾಡಿ ನಿಂತಿದ್ದರು.

"ಎರಡೂ ರೆಕ್ಕೆಗೆ ಟಿಕ್ ಇದೆ" ಅಂದರು ಮುಖ್ಯಸ್ಥರು. "ನೀನು ನೋಡಿದ್ದು ನಿಜವಾದರೆ, ಮುಚ್ಚಳ ಸರಿಯಾಗಿ ಹಾಕದ ಮೆಕ್ಯಾನಿಕ್‌ನ ಕೇಳ್ಬೇಕಾಗುತ್ತೆ. ನೋಡಿದ್ಯಾ?"

'ಹೂಂ' ಅನ್ನುವ ಒಂದೇ ಅಕ್ಷರ ಸಾಕಿತ್ತು. ಅಪ್ಪನ ಸೈಟು, ನನ್ನ ಲೈಸೆನ್ಸು, ಎಲ್ಲ ಆ ಅಕ್ಷರದ ಆಚೆ ಬದಿಗೆ ಭದ್ರವಾಗಿ ಕೂತಿದ್ದವು. ಅವತ್ತು ಮಾತ್ರ ನಾನು ಯಾರ ದನಿಯನ್ನೂ ಎರವಲು ತರಲಿಲ್ಲ.

"ಎಡಗಡೇದು ನೋಡ್ಲಿಲ್ಲ ಸಾರ್. ಮಿಮಿಕ್ರಿ ಮಾಡ್ತಾ ನಿಂತೆ. ನೋಡ್ದೆ ಟಿಕ್ ಹಾಕ್ದೆ."

ಮುಖ್ಯಸ್ಥರು ಹಾಳೆಯನ್ನು ಮಡಿಚಿದರು. "ಮಿಮಿಕ್ರಿ ಮಾಡೋರಿಗೆ ನಾಟಕದ ಕಂಪನಿಗಳಿವೆ ಕಣಯ್ಯ. ಇವತ್ತೇ ಪುಸ್ತಕ ಕಟ್ಟು, ಊರಿಗೆ ಹೊರಡು. ಚೆನ್ನಾಗಿ ಇಳಿಸಿದೆ, ಸಂತೋಷ. ಆದ್ರೆ ಇಲ್ಲಿ ಇನ್ನು ಹತ್ತಬೇಡ."

ಮೇಷ್ಟ್ರು ಕಿಟಕಿಯಿಂದ ತಿರುಗಿದರು. ದನಿ ಏರಿಸಲಿಲ್ಲ. ಮುಖ್ಯಸ್ಥರು ಮಡಿಚಿದ ಹಾಳೆಯನ್ನು ಮತ್ತೆ ಬಿಡಿಸಿ, ಅದರ ಮೇಲೆ 'ಎಚ್ಚರಿಕೆ ಕೊಡಲಾಗಿದೆ' ಎಂದು ಬರೆದು ಕಡತ ಮುಚ್ಚಿದ್ದು ಈ ಮಾತಿಗೇ:

"ನೀರು ನೋಡ್ದಲೆ ಗಾಡಿ ಅತ್ತಿದೋನು ಇವನು ಸಾ. ಇವನು ನೋಡುದ್ನಾ ಅಂತ ಕೇಳ್ದಲೆ ಇವನ್ ಪಕ್ದಲ್ಲಿ ಅತ್ತಿ ಕೂತೋನು ನಾನು. ಕಳ್ಸೋದಾದ್ರೆ ಇಬ್ರುಗೂವೆ ಒಂದೇ ಬಸ್ಸು. ಇವನು ನಂಜನಗೂಡಲ್ಲಿ ಇಳ್ಕತನೆ, ನಾನು ಅಂಗೇ ನರಸೀಪುರುಕ್ಕೆ ಓಯ್ತೀನಿ. ಬಿರ್ನೆ ಯೋಳಿ ಸಾ, ಬಸ್ಸು ಬರೋ ಹೊತ್ತಾಯ್ತು."